ಅರಣ್ಯದ ಸಭೆಯನ್ನು ಕ್ರೈಸ್ತ ಸಭೆಯ ಮುನ್ನೆರಳಾಗಿ ಓದುವ ಬಗೆ

ಓದನ್ನು, ಇಸ್ರಾಯೇಲ್ಯರು ಐಗುಪ್ತದಿಂದ ಹೊರಟ ಕಥೆ ಹೇಳುವ ಬೈಬಲಿನ ವಿಮೋಚನಕಾಂಡದಿಂದಲ್ಲ, ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು 7:38ರಿಂದ ಆರಂಭಿಸಿರಿ. ಅಲ್ಲಿ ಕ್ರೈಸ್ತರ ಮೊದಲ ರಕ್ತಸಾಕ್ಷಿಯಾದ ಸ್ತೆಫನನು ಮೋಶೆಯ ಜನರನ್ನು ಅರಣ್ಯದಲ್ಲಿದ್ದ ಸಭೆ ಎನ್ನುತ್ತಾನೆ. ಆತನ ಮಾತಿನಲ್ಲಿರುವ ‘ಎಕ್ಲೇಸಿಯ’ ಎಂಬ ಗ್ರೀಕ್ ಪದವನ್ನೇ ಹೊಸ ಒಡಂಬಡಿಕೆಯು ಕ್ರೈಸ್ತ ಸಭೆಗೂ ಬಳಸುತ್ತದೆ.

ಬಳಿಕ 1 ಕೊರಿಂಥ 10:1-11ನ್ನು ಪಕ್ಕದಲ್ಲಿಟ್ಟುಕೊಂಡು, ಆ ಪತ್ರ ಬರೆದ ಅಪೊಸ್ತಲ ಪೌಲನು ತಾನೇ ಜೋಡಿಸಿರುವ ಎಳೆಗಳನ್ನು ಮೊದಲು ಗುರುತಿಸಿರಿ: ಸಮುದ್ರ ದಾಟಿದ್ದು ದೀಕ್ಷಾಸ್ನಾನಕ್ಕೆ, ನೀರು ಕೊಟ್ಟ ಬಂಡೆ ಕ್ರಿಸ್ತನಿಗೆ.

ಅರಣ್ಯದಲ್ಲಿ ದೇವರು ಕೊಟ್ಟ ಆಹಾರವಾದ ಮನ್ನದ ಪ್ರಸಂಗದಲ್ಲಿ ಮಾತ್ರ ಆತುರ ಬೇಡ. ವಿಮೋಚನಕಾಂಡ 16ರಲ್ಲಿ ಜನರು ತಂದದ್ದನ್ನು ಓಮೆರ್ ಎಂಬ ಅಳತೆಯಿಂದ ಅಳೆದಾಗ, ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಮರುದಿನಕ್ಕೆಂದು ಉಳಿಸಿಟ್ಟದ್ದು ಹುಳಬಿದ್ದು ನಾರಿತು. ಈ ಅಳತೆಯ ಮಾತನ್ನೇ ಪೌಲನು 2 ಕೊರಿಂಥ 8:15ರಲ್ಲಿ ಉಲ್ಲೇಖಿಸಿ, ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವಂತೆ ಸಭೆಯನ್ನು ಪ್ರೇರೇಪಿಸುತ್ತಾನೆ. ನನ್ನ ಮಟ್ಟಿಗೆ ಇಡೀ ಹೋಲಿಕೆಯಲ್ಲಿ ಇದಕ್ಕಿಂತ ಗಟ್ಟಿಯಾದ ಕೊಂಡಿ ಇನ್ನೊಂದಿಲ್ಲ.

ಬೈಬಲಿನ ಅರಣ್ಯಕಾಂಡ 2ರ ಪಾಳೆಯದ ವಿನ್ಯಾಸವನ್ನು ಕಾಗದದ ಮೇಲೆ ಬರೆದು ನೋಡಿರಿ: ನಡುವೆ ದೇವದರ್ಶನದ ಗುಡಾರ, ದಿಕ್ಕಿಗೆ ಮೂರರಂತೆ ಹನ್ನೆರಡು ಕುಲಗಳು, ಪೂರ್ವದಲ್ಲಿ ಯೆಹೂದ. ಗುಡಾರದ ಗೂಟಗಳಿಗೂ ಗುಪ್ತಾರ್ಥ ಹುಡುಕುವವರಿದ್ದಾರೆ. ಅಪೊಸ್ತಲರು ಹೇಳದಿದ್ದನ್ನು ಊಹೆಯೆಂದೇ ಗುರುತಿಸಿಡುವುದು ಲೇಸು.

ಕೊನೆಯಲ್ಲಿ ಅರಣ್ಯಕಾಂಡ 14ರ ಗೊಣಗಾಟವನ್ನೂ 40 ವರ್ಷ ಅರಣ್ಯದಲ್ಲಿ ಅಲೆಯುವ ಶಿಕ್ಷೆಯನ್ನೂ ಇಬ್ರಿಯರಿಗೆ ಬರೆದ ಪತ್ರದ 3 ಮತ್ತು 4ನೆಯ ಅಧ್ಯಾಯಗಳೊಂದಿಗೆ ಓದಿರಿ. ಅಲ್ಲಿ ಎಚ್ಚರಿಕೆಯು ನೇರವಾಗಿ ವಿಶ್ವಾಸಿಗಳಿಗೇ ಬರುತ್ತದೆ.