ಅನುದಾನದ ಕಡತ ಪಂಚನಾಮೆಯಿಂದ ಶುರುವಾಗುತ್ತದೆ

ರಸ್ತೆ ಸುರಕ್ಷತೆಗೆ ಅನುದಾನ ಬೇಕೆಂದಾಗ ನಮ್ಮ ಎಂಜಿನಿಯರ್‌ಗಳಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಅಂದಾಜು ಪಟ್ಟಿಗೆ. ಎಷ್ಟು ಫಲಕ, ಎಷ್ಟು ಬಣ್ಣ, ಎಷ್ಟು ಮೀಟರ್ ತಡೆಬೇಲಿ ಎಂದು ಲೆಕ್ಕ ಹಾಕಿ, ದರಪಟ್ಟಿಯ ಪ್ರಕಾರ ಮೊತ್ತ ಕೂಡಿಸಿ, ಮೇಲೊಂದು ಪತ್ರ ಬರೆದು ಕಳುಹಿಸುತ್ತಾರೆ. ನಾನು ಅಂದಾಜು ಪಟ್ಟಿಯನ್ನು ಕಡೆಗೆ ಇಟ್ಟುಕೊಳ್ಳುತ್ತೇನೆ. ಅಪಘಾತ ಎಲ್ಲಿ ಆಗುತ್ತಿದೆ, ಯಾಕೆ ಆಗುತ್ತಿದೆ ಎಂಬುದು ಕಾಗದದ ಮೇಲೆ ಸಾಬೀತಾಗದೆ ಯಾವ ಮೊತ್ತವೂ ನಿಲ್ಲುವುದಿಲ್ಲ.

ನಾನು ಲೋಕೋಪಯೋಗಿ ಇಲಾಖೆಯ ಉಪವಿಭಾಗವೊಂದರಲ್ಲಿ ಸಹಾಯಕ ಎಂಜಿನಿಯರ್. ಇಲ್ಲಿ ಹೇಳುತ್ತಿರುವುದು ನಮ್ಮ ವ್ಯಾಪ್ತಿಯ ರಾಜ್ಯ ಹೆದ್ದಾರಿಯೊಂದರ ತಿರುವಿನ ವಿಷಯ. ಅಲ್ಲಿ ಹಳ್ಳಿಯ ಅಡ್ಡರಸ್ತೆಯೊಂದು ಹೊಲಗಳ ನಡುವಿನಿಂದ ಬಂದು ಹೆದ್ದಾರಿಗೆ ಕೂಡುತ್ತದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದೆ ಈ ಜಾಗದ ಪ್ರಸ್ತಾವನೆ ಇಡಬೇಕಿತ್ತು. ಮೋಟಾರು ವಾಹನ ಕಾಯ್ದೆಯ 215ನೇ ಕಲಂ ಪ್ರಕಾರ ರಚನೆಯಾಗುವ ಈ ಸಮಿತಿಯಲ್ಲಿ ಪೊಲೀಸ್, ಸಾರಿಗೆ, ಲೋಕೋಪಯೋಗಿ, ಆರೋಗ್ಯ ಇಲಾಖೆಗಳ ಅಧಿಕಾರಿಗಳು ಕೂರುತ್ತಾರೆ. ನಮ್ಮ ರಾಜ್ಯದಲ್ಲಿ 2017ರ ಕರ್ನಾಟಕ ರಾಜ್ಯ ರಸ್ತೆ ಸುರಕ್ಷತಾ ಪ್ರಾಧಿಕಾರ ಕಾಯ್ದೆಯಡಿ ಇದಕ್ಕೆಂದೇ ನಿಧಿಯಿದೆ. ಸಮಿತಿ ಶಿಫಾರಸು ಮಾಡದ ಪ್ರಸ್ತಾವನೆಯನ್ನು ಮೇಲಕ್ಕೆ ಕಳುಹಿಸಿ ಪ್ರಯೋಜನವಿಲ್ಲ.

ಸಮಿತಿ ಮೊದಲು ಕೇಳುವುದು ಇದು ಬ್ಲ್ಯಾಕ್ ಸ್ಪಾಟ್, ಅಂದರೆ ಪದೇ ಪದೇ ಅಪಘಾತವಾಗುವ ಜಾಗ, ಹೌದೋ ಅಲ್ಲವೋ ಎಂದು. ಕೇಂದ್ರ ಸಾರಿಗೆ ಸಚಿವಾಲಯ ರಾಷ್ಟ್ರೀಯ ಹೆದ್ದಾರಿಗಳಿಗೆ ಇಟ್ಟ ಅಳತೆಗೋಲನ್ನೇ ನಾವು ರಾಜ್ಯ ಹೆದ್ದಾರಿಗೂ ಹಿಡಿಯುತ್ತೇವೆ: ಸುಮಾರು 500 ಮೀಟರ್ ಉದ್ದದೊಳಗೆ, ಹಿಂದಿನ 3 ವರ್ಷಗಳಲ್ಲಿ, ಸಾವು ಅಥವಾ ತೀವ್ರ ಗಾಯಗಳಾದ 5 ಅಪಘಾತಗಳು, ಇಲ್ಲವೇ ಒಟ್ಟು 10 ಸಾವು. ಓದಲು ಇಷ್ಟು ಸರಳವಾದದ್ದನ್ನು ದಾಖಲೆಯಲ್ಲಿ ತೋರಿಸುವುದು ಎಷ್ಟು ಕಷ್ಟವೆಂಬುದು ಠಾಣೆಯ ಕಾಗದಗಳನ್ನು ಬಿಚ್ಚಿದಾಗಲೇ ತಿಳಿಯುತ್ತದೆ.

ಎಫ್‌ಐಆರ್‌ನಲ್ಲಿ ಸ್ಥಳದ ಬಗ್ಗೆ ಇರುವುದು ಠಾಣೆಯಿಂದ ಯಾವ ದಿಕ್ಕಿಗೆ, ಎಷ್ಟು ದೂರ ಎಂಬ ಒಂದು ಸಾಲು, ಜೊತೆಗೆ ಇಂಥ ಊರಿನ ಹತ್ತಿರ, ಇಂಥವರ ಹೊಲದ ಎದುರು ಎಂಬ ವಿವರ. ನಮಗೆ ಬೇಕಾದದ್ದು ರಸ್ತೆಯ ಸರಪಳಿ, ಅಂದರೆ ಕಿ.ಮೀ. 42.300ರಿಂದ 42.800 ಎಂಬಂಥ ಅಂಕಿ. ಹಳ್ಳಿಯ ಹೆಸರಿನ ಮೇಲೆ ಅಪಘಾತಗಳನ್ನು ಎಣಿಸಿದರೆ ಎರಡು ಕಿಲೋಮೀಟರಿನಾಚೆಯ ಪ್ರಕರಣವೂ ನಮ್ಮ ತಿರುವಿನ ಲೆಕ್ಕಕ್ಕೆ ಸೇರಿಬಿಡಬಹುದು, ಪಕ್ಕದ ಊರಿನ ಹೆಸರಿನಲ್ಲಿ ದಾಖಲಾದ ನಮ್ಮ ತಿರುವಿನದೇ ಪ್ರಕರಣ ಕೈಬಿಟ್ಟು ಹೋಗಬಹುದು. ಇದಕ್ಕೆ ದಾರಿ ತೋರಿಸಿದವರು ಠಾಣೆಯ ರೈಟರ್. "ಸರ್, ಎಫ್‌ಐಆರ್ ಬಿಡಿ, ಸ್ಥಳ ಪಂಚನಾಮೆಯ ನಕ್ಷೆ ನೋಡಿ" ಎಂದರು. ಆ ಮಾತಿನ ಉಪಕಾರ ದೊಡ್ಡದು.

ಪಂಚನಾಮೆಯ ಜೊತೆ ತನಿಖಾಧಿಕಾರಿ ಕೈಯಲ್ಲೇ ಗೀಚಿದ ನಕ್ಷೆಯೊಂದು ಇರುತ್ತದೆ. ರಸ್ತೆಗೆ ಎರಡು ಗೆರೆ, ಉತ್ತರಕ್ಕೊಂದು ಬಾಣ, ವಾಹನ ಬಿದ್ದ ಕಡೆ ಗುಣಾಕಾರ ಚಿಹ್ನೆ. ಅದರ ಪಕ್ಕದಲ್ಲಿ ಅಲುಗಾಡದ ವಸ್ತುವೊಂದರಿಂದ ಅಳೆದ ದೂರ: ಮೋರಿಯಿಂದ ಪೂರ್ವಕ್ಕೆ ಇಷ್ಟು ಅಡಿ, ಬೇವಿನ ಮರದಿಂದ ಇಷ್ಟು, ಕಿಲೋಮೀಟರ್ ಕಲ್ಲಿನಿಂದ ಇಷ್ಟು. ಈ ನಕ್ಷೆಗಳ ಪ್ರತಿ ಹಿಡಿದು, ವರ್ಕ್ ಇನ್ಸ್‌ಪೆಕ್ಟರ್ ಜೊತೆ ಟೇಪು ತೆಗೆದುಕೊಂಡು ಹೋಗಿ ಒಂದೊಂದು ಜಾಗವನ್ನೂ ಅಳೆದೆವು. ಮೋರಿಗೆ ನಮ್ಮ ದಾಖಲೆಯಲ್ಲಿ ಸಂಖ್ಯೆಯಿದೆ, ಸರಪಳಿಯಿದೆ. ಅಲ್ಲಿಂದ ಅಪಘಾತದ ಬಿಂದುವಿಗೆ ಸರಪಳಿ ಕೊಡುವುದು ಕಷ್ಟವಾಗಲಿಲ್ಲ. ಪೊಲೀಸರು ಅಪಘಾತದ ಮಾಹಿತಿ ತುಂಬುವ ಐರ್ಯಾಡ್ ಆ್ಯಪ್ ಬಂದ ಮೇಲಿನ ಪ್ರಕರಣಗಳಿಗೆ ಅಕ್ಷಾಂಶ ರೇಖಾಂಶವೂ ಸಿಗುತ್ತದೆ. ಆದರೂ ನಾನು ಪಂಚನಾಮೆಯೊಡನೆ ತಾಳೆ ನೋಡದೆ ಅದನ್ನು ಬಳಸುವುದಿಲ್ಲ. ಮಾಹಿತಿಯನ್ನು ರಸ್ತೆಯ ಮೇಲೆ ನಿಂತು ತುಂಬಿದರೋ, ಠಾಣೆಯ ಆವರಣದಲ್ಲಿ ಕುಳಿತು ತುಂಬಿದರೋ ಎಂಬುದು ನಕ್ಷೆಯ ಪಕ್ಕದಲ್ಲಿಟ್ಟರೆ ಕಂಡುಬಿಡುತ್ತದೆ.

ಕಲಂಗಳ ವಿಷಯದಲ್ಲೂ ಎಚ್ಚರ ಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿರುವುದರಿಂದ ಮೂರು ವರ್ಷದ ಪಟ್ಟಿಯಲ್ಲಿ ಎರಡು ಕಾನೂನುಗಳು ಬೆರೆತಿರುತ್ತವೆ. ಹಳೆಯ ಪ್ರಕರಣದಲ್ಲಿ ಐಪಿಸಿ 338 ಎಂದರೆ ತೀವ್ರ ಗಾಯ, 304(ಎ) ಎಂದರೆ ಸಾವು. ಹೊಸದರಲ್ಲಿ ಅವೇ 125(ಬಿ) ಮತ್ತು 106 ಆಗಿವೆ. ಇದಕ್ಕಿಂತ ಮುಖ್ಯವಾದದ್ದು, ಗಾಯಾಳುವಾಗಿ ಆಸ್ಪತ್ರೆ ಸೇರಿ ಕೆಲವು ದಿನಗಳ ನಂತರ ತೀರಿಕೊಂಡವರ ಪ್ರಕರಣ. ಮೊದಲು ಗಾಯದ ಕಲಂ ಹಾಕಿ, ಸಾವಿನ ಕಲಂ ಸೇರಿಸಲು ನ್ಯಾಯಾಲಯಕ್ಕೆ ಆಮೇಲೆ ವರದಿ ಹೋಗಿರುತ್ತದೆ. ಎಫ್‌ಐಆರ್ ನೋಡಿ ಪಟ್ಟಿ ಮಾಡಿದರೆ ಆ ಸಾವು ಲೆಕ್ಕಕ್ಕೇ ಬರುವುದಿಲ್ಲ. ಒಂದು ಮನೆಯ ದುಡಿಯುವ ಕೈ ಹೋಗಿದೆ, ನಮ್ಮ ಕೋಷ್ಟಕದಲ್ಲಿ ಅವರು ಇನ್ನೂ ಗಾಯಾಳು. ಇದು ನನಗೆ ಸಹಿಸಲಾಗದ ಸಂಗತಿ. ಅದಕ್ಕಾಗಿಯೇ ಪ್ರತಿ ಅಪರಾಧ ಸಂಖ್ಯೆಯ ಮುಂದೆ ದೋಷಾರೋಪಣಾ ಪಟ್ಟಿಯ ಕಲಂಗಳನ್ನೂ ಬರೆಸಿ, ಠಾಣಾಧಿಕಾರಿಗಳ ಸಹಿ ಮೊಹರು ಪಡೆಯುತ್ತೇನೆ.

ಕೋಷ್ಟಕ ಸಿದ್ಧವಾದ ಮೇಲೆ ಅದನ್ನು ತಿಂಗಳುವಾರು ಜೋಡಿಸಿ ನೋಡಿದೆ. ಹೆಚ್ಚಿನವು ಮಳೆಗಾಲದ ನಡುವಿನಿಂದ ಸುಗ್ಗಿಯವರೆಗಿನ ಅವಧಿಯವು. ಮಳೆಯಲ್ಲಿ ಜಾರಿ ಬಿದ್ದವರೆಂದು ಬರೆದುಬಿಡಬಹುದಿತ್ತು. ಆದರೆ ಬಹುಪಾಲು ಹಗಲಿನವು, ಬೈಕಿಗೆ ದೊಡ್ಡ ವಾಹನ ಪಕ್ಕದಿಂದ ಬಡಿದವು. ಆ ಕಾಲದಲ್ಲಿ ತಿರುವಿನ ಒಳಬದಿಯ ಹೊಲದಲ್ಲಿ ಮೆಕ್ಕೆಜೋಳ ಆಳೆತ್ತರ ನಿಂತಿರುತ್ತದೆ. ಅಡ್ಡರಸ್ತೆಯಿಂದ ಬರುವ ಬೈಕು ಲಾರಿಯವನಿಗೆ ಕಾಣುವುದಿಲ್ಲ, ಲಾರಿ ಬೈಕಿನವನಿಗೆ ಕಾಣುವುದಿಲ್ಲ. ರೈತನಿಗೆ ತನ್ನ ಹೊಲದಲ್ಲಿ ಬೆಳೆ ಹಾಕಬೇಡ ಎನ್ನಲಾಗದು. ಹೀಗಾಗಿ ಪರಿಹಾರವೆಲ್ಲ ನಮ್ಮ ರಸ್ತೆಯ ಗಡಿಯೊಳಗೇ ಆಗಬೇಕಿತ್ತು: ಹೆದ್ದಾರಿಯ ಎರಡೂ ಕಡೆ ಕೂಡುರಸ್ತೆಯ ಎಚ್ಚರಿಕೆ ಫಲಕ ಮತ್ತು ಕಂಪನ ಪಟ್ಟಿ, ಅಡ್ಡರಸ್ತೆಯ ಬಾಯಿಯಲ್ಲಿ 'ನಿಲ್ಲಿ' ಫಲಕ, ನಿಲುಗಡೆ ಗೆರೆ ಮತ್ತು ವೇಗ ತಡೆಯುವ ಉಬ್ಬು, ತಿರುವಿನುದ್ದಕ್ಕೂ ಬಾಣದ ಫಲಕಗಳು, ನಮ್ಮ ಅಂಚಿನ ಜಾಲಿ ಪೊದೆಗಳ ತೆರವು.

ಗ್ರಾಮಸ್ಥರ ಮನವಿ ಬೇರೆಯೇ ಇತ್ತು. ಅವರಿಗೆ ಹೆದ್ದಾರಿಯ ಮೇಲೇ ಹಂಪ್ ಬೇಕಿತ್ತು. ವೇಗವಾಗಿ ಬರುವ ವಾಹನಕ್ಕೆ ತಿರುವಿನಲ್ಲಿ ಹಠಾತ್ತನೆ ಹಂಪ್ ಎದುರಾದರೆ ಹಿಂದಿನ ಬೈಕಿನವನ ಜೀವಕ್ಕೆ ಅಪಾಯ. ಅವರ ಮನವಿಯನ್ನು ಕಡತಕ್ಕೆ ಸೇರಿಸಿ, ಹಂಪ್ ಏಕೆ ಬೇಡವೆಂದು ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದೆ. ಪಂಚಾಯಿತಿ ಅಧ್ಯಕ್ಷರನ್ನು ಜಂಟಿ ಸ್ಥಳ ಪರಿಶೀಲನೆಗೆ ಕರೆದು, ಅಡ್ಡರಸ್ತೆಯಲ್ಲಿ ಎಲ್ಲಿ ಉಬ್ಬು ಬರುತ್ತದೆ ಎಂದು ಸುಣ್ಣದ ಗೆರೆ ಎಳೆದು ತೋರಿಸಿದೆವು. ಆ ರಸ್ತೆ ಪಂಚಾಯತ್ ರಾಜ್ ವ್ಯಾಪ್ತಿಯದಾದ್ದರಿಂದ ಅವರ ಒಪ್ಪಿಗೆ ಪತ್ರವೂ ಬೇಕಿತ್ತು, ಅಲ್ಲೇ ಅದಕ್ಕೆ ಮಾತಾಯಿತು.

ಜಂಟಿ ಪರಿಶೀಲನಾ ವರದಿಗೆ ಪೊಲೀಸ್ ಇನ್ಸ್‌ಪೆಕ್ಟರ್, ಮೋಟಾರು ವಾಹನ ನಿರೀಕ್ಷಕರು ಮತ್ತು ನಾವು ಸ್ಥಳದಲ್ಲೇ ಸಹಿ ಹಾಕಿದೆವು. ನಂತರ ಕಚೇರಿಯಿಂದ ಕಚೇರಿಗೆ ಕಳುಹಿಸಿ ಸಹಿ ತರಿಸುತ್ತೇನೆಂದರೆ ತಿಂಗಳುಗಳು ಉರುಳುತ್ತವೆ.

ಉಳಿದ ಕಾಗದಗಳು ಎಲ್ಲ ಕಾಮಗಾರಿಗೂ ಇರುವಂಥವೇ. ಇದೇ ಕೆಲಸವನ್ನು ಬೇರೆ ಲೆಕ್ಕಶೀರ್ಷಿಕೆಯಡಿ ಕೈಗೊಂಡಿಲ್ಲ ಎಂಬ ದೃಢೀಕರಣ, ರಸ್ತೆಯ ಒಡೆತನದ ಪ್ರಮಾಣಪತ್ರ, ಕಂಬ ಸ್ಥಳಾಂತರವಿದ್ದರೆ ವಿದ್ಯುತ್ ಕಂಪನಿಯ ಅಂದಾಜು, ಮರ ಕಡಿಯುವುದಿದ್ದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ. ನಮ್ಮಲ್ಲಿ ತೆರವಾಗಬೇಕಾದದ್ದು ಪೊದೆಗಳಷ್ಟೇ. ದಾರಿಯಲ್ಲಿದ್ದ ಬೇವಿನ ಮರವನ್ನು ಉಳಿಸಿಕೊಂಡು, ಬುಡಕ್ಕೆ ಪ್ರತಿಫಲಕ ಹಾಕುವುದನ್ನು ಅಂದಾಜಿಗೆ ಸೇರಿಸಿದೆ. ಫಲಕಗಳಿಗೆ ಐಆರ್‌ಸಿ 67, ರಸ್ತೆ ಗೆರೆಗಳಿಗೆ ಐಆರ್‌ಸಿ 35 ಎಂದು ಪ್ರತಿ ಬಾಬ್ತಿನ ಮುಂದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಸಂಹಿತೆಯ ಸಂಖ್ಯೆ ನಮೂದಿಸಿದರೆ ತಾಂತ್ರಿಕ ಮಂಜೂರಾತಿಯ ಹಂತದಲ್ಲಿ ಪ್ರಶ್ನೆ ಏಳುವುದು ಕಡಿಮೆ. ಇ-ಆಫೀಸಿಗೆ ಸ್ಕ್ಯಾನ್ ಮಾಡುವಾಗ ದೊಡ್ಡ ನಕ್ಷೆಯನ್ನು ಕುಗ್ಗಿಸಬಾರದು. ಅಕ್ಷರ ಓದಲಾಗದ ನಕ್ಷೆಗೆ ವಿಷಯ ನಿರ್ವಾಹಕರು ಸ್ಪಷ್ಟೀಕರಣ ಕೇಳಿ ಹಿಂದಿರುಗಿಸಿದರೆ ಅದು ಅವರ ತಪ್ಪಲ್ಲ.

ಸಮಿತಿಯ ಸಭೆಯಲ್ಲಿ ಶಿಫಾರಸಾದರೆ ಸಾಲದು, ಸಭಾ ನಡಾವಳಿಯಲ್ಲಿ ರಸ್ತೆಯ ಸಂಖ್ಯೆ ಮತ್ತು ಸರಪಳಿ ಸರಿಯಾಗಿ ದಾಖಲಾಗಬೇಕು. ನಡಾವಳಿಯ ಕರಡು ಸಿದ್ಧವಾಗುವಾಗಲೇ ನಮ್ಮ ಕಾರ್ಯಪಾಲಕ ಎಂಜಿನಿಯರ್ ಮೂಲಕ ಆ ಸಾಲನ್ನು ನೋಡಿಕೊಂಡೆವು. ಮುಂದೆ ಆಡಳಿತಾತ್ಮಕ ಅನುಮೋದನೆ, ಟೆಂಡರ್, ಕಾರ್ಯಾದೇಶ, ಬಿಲ್, ಬಳಕೆ ಪ್ರಮಾಣಪತ್ರ ಎಲ್ಲವೂ ಆ ಒಂದು ಸಾಲನ್ನೇ ಆಧರಿಸುತ್ತವೆ.

ಕೆಲಸ ನಡೆಯುವಾಗ ಮೊದಲು, ನಡುವೆ, ನಂತರ ಎಂದು ಮೂರು ಹಂತದ ಜಿಯೋಟ್ಯಾಗ್ ಫೋಟೊಗಳನ್ನು ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ ತೆಗೆಸಿದೆ. ಬಿಸಿ ಬಣ್ಣದ ಗೆರೆ 2.5 ಮಿಲಿಮೀಟರ್ ದಪ್ಪ ಬರಬೇಕು. ಬಳಿಯುವಾಗಲೇ ತಗಡಿನ ತುಂಡು ಇಟ್ಟು, ಅದರ ಮೇಲೆ ಬಿದ್ದ ಬಣ್ಣವನ್ನು ಅಳೆದು ಅಳತೆ ಪುಸ್ತಕದಲ್ಲಿ ನಮೂದಿಸಿದೆವು. ಫಲಕದ ಪ್ರತಿಫಲನ ಹಾಳೆಗೆ ತಯಾರಕರ ಪರೀಕ್ಷಾ ವರದಿ ಮತ್ತು ಖಾತರಿ ಪತ್ರ ಕೈಸೇರದೆ ಬಿಲ್ ಬರೆಯಲಿಲ್ಲ. ಗುತ್ತಿಗೆದಾರರು ಬೇಸರಪಟ್ಟರು. ಆದರೆ ರಾತ್ರಿ ಹೊಳೆಯದ ಫಲಕಕ್ಕೆ ಹಣ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಾರ್ಚ್ 31ರ ಒಳಗೆ ಬಿಲ್ ಖಜಾನೆ ಸೇರಬೇಕೆಂಬ ಒತ್ತಡ ಎಲ್ಲರ ಮೇಲೂ ಇರುತ್ತದೆ. ಈ ಪತ್ರಗಳನ್ನು ಸರಬರಾಜಿನ ದಿನವೇ ಕೇಳಿ ಪಡೆದಿದ್ದರಿಂದ ಕೊನೆಯ ವಾರದ ಧಾವಂತ ನಮಗೆ ತಟ್ಟಲಿಲ್ಲ.

ಬಳಕೆ ಪ್ರಮಾಣಪತ್ರ ಹೋದ ನಂತರವೂ ಆ ಕಡತವನ್ನು ನಾನು ಮುಚ್ಚಿಲ್ಲ. ಅದೇ ಸರಪಳಿಯ ಅಪಘಾತದ ವಿವರವನ್ನು ಠಾಣೆಯಿಂದ ತರಿಸಿ, ಹಳೆಯ ಕೋಷ್ಟಕದ ಕೆಳಗೆ ಅದೇ ಅಂಕಣಗಳಲ್ಲಿ ಸೇರಿಸುತ್ತಿದ್ದೇನೆ. ಬ್ಲ್ಯಾಕ್ ಸ್ಪಾಟ್ ಪಟ್ಟಿಯಿಂದ ಜಾಗದ ಹೆಸರು ತೆಗೆಯಬೇಕಾದರೂ, ಇನ್ನಷ್ಟು ಕೆಲಸಕ್ಕೆ ಹಣ ಕೇಳಬೇಕಾದರೂ ಸಮಿತಿ ಈ ಪುಟವನ್ನೇ ಕೇಳುತ್ತದೆ. ನಿಲುಗಡೆ ಗೆರೆ ಟ್ರ್ಯಾಕ್ಟರ್‌ಗಳ ಓಡಾಟಕ್ಕೆ ಬೇಗ ಸವೆಯುತ್ತದೆ. ಮುಂಗಾರಿಗೆ ಮುನ್ನ ಅದನ್ನು ಮತ್ತೆ ಬಳಿಯುವ ಖರ್ಚನ್ನು ವಾರ್ಷಿಕ ನಿರ್ವಹಣೆಯ ಕ್ರಿಯಾಯೋಜನೆಯಲ್ಲಿ ಸೇರಿಸಲು ಈಗಾಗಲೇ ಬರೆದಿದ್ದೇನೆ.