ಖರ್ಜೂರ, ಒಣದ್ರಾಕ್ಷಿಯ ಮಸಾಲೆ ಬಾರ್

ಒಣಹಣ್ಣಿನ ಬಾರ್ (ಓವನ್‌ನಲ್ಲಿ ಬೇಯಿಸಿ ತುಂಡಾಗಿ ಕತ್ತರಿಸುವ ಸಿಹಿತಿನಿಸು) ಗಟ್ಟಿಯಾಗಿ ಪುಡಿಯಾಗುತ್ತದೆಂದು ಹೇಳುವವರು ಸಾಮಾನ್ಯವಾಗಿ ಓವನ್ ಶಾಖವನ್ನು ದೂರುತ್ತಾರೆ. ನನ್ನ ದೃಷ್ಟಿಯಲ್ಲಿ ಹೆಚ್ಚಿನ ಸಲ ಕಾರಣ ಹಣ್ಣನ್ನು ನೆನೆಸದಿರುವುದು. ಒಣಗಿದ ಹಣ್ಣು ಹಿಟ್ಟಿನ ತೇವವನ್ನು ಹೀರಿಕೊಳ್ಳುವುದರಿಂದ, ಬೀಜ ತೆಗೆದ 150 ಗ್ರಾಂ ಮೆತ್ತನೆಯ ಖರ್ಜೂರವನ್ನು 100 ಮಿ.ಲೀ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರನ್ನು ಚೆಲ್ಲದೆ ಅದರೊಂದಿಗೇ ಕಿವುಚಬೇಕು. ಉತ್ತುತ್ತೆಯಾದರೆ ರಾತ್ರಿಯೇ ನೆನೆಹಾಕಿ.

ಒಣದ್ರಾಕ್ಷಿ 100 ಗ್ರಾಂ ಸಾಕು. ವಿಜಯಪುರದ ಕಡೆ ಬೀಜವಿಲ್ಲದ ದ್ರಾಕ್ಷಿಯ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ (ದ್ರಾಕ್ಷಿ ಬೇಗ ಒಣಗಲೆಂದು ಬಳಸುವ ಎಣ್ಣೆ) ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಬಲೆಯ ಮೇಲೆ ಹರಡುತ್ತಾರೆ. ಸಿಪ್ಪೆಯ ಮೇಲಿನ ಮೇಣ ಸಡಿಲಗೊಂಡು ತೇವ ಬೇಗ ಹೊರಹೋಗುತ್ತದೆ. ಹೊಳೆಯುವ ಹಳದಿ ಬಣ್ಣ ಬರಲೆಂದು ಗಂಧಕದ ಹೊಗೆ ಕೊಡುವ ರೂಢಿಯೂ ಇದೆ. ಆದ್ದರಿಂದ ಯಾವುದನ್ನೇ ತಂದರೂ ಬೆಚ್ಚನೆಯ ನೀರಿನಲ್ಲಿ ಎರಡು ಸಲ ತೊಳೆದು, ಬಟ್ಟೆಯಲ್ಲಿ ಒರೆಸಿಯೇ ಬಳಸಿ.

ಮಸಾಲೆಗೆ ಒಂದು ಚಮಚ ಚಕ್ಕೆಪುಡಿ, ಅರ್ಧ ಚಮಚ ಒಣಶುಂಠಿ, ಮೂರು ಲವಂಗದ ಪುಡಿ, ಕಾಲು ಚಮಚ ಜಾಯಿಕಾಯಿ. ಅಂಗಡಿಯ ದಪ್ಪ, ಒರಟು ಚಕ್ಕೆ ಬಹುಪಾಲು ಕ್ಯಾಸಿಯಾ, ಅಂದರೆ ದಾಲ್ಚಿನ್ನಿಯ ಹತ್ತಿರದ ಇನ್ನೊಂದು ಮರದ ತೊಗಟೆ. ಶ್ರೀಲಂಕಾದ ದಾಲ್ಚಿನ್ನಿ ಕಾಗದದಷ್ಟು ತೆಳುವಾದ ಪದರಗಳ ಸುರುಳಿಯಾಗಿರುತ್ತದೆ, ಘಮವೂ ಮೃದು. ಖರ್ಜೂರದ ಗಾಢ ಸಿಹಿಗೆ ನಾನು ಕ್ಯಾಸಿಯಾವನ್ನೇ ಆರಿಸುತ್ತೇನೆ. ಜಾಯಿಕಾಯಿಯ ಮೂಲ ಇಂಡೋನೇಷ್ಯಾದ ಬಾಂಡಾ ದ್ವೀಪಗಳು. ಅಲ್ಲಿನ ಪುಟ್ಟ ರನ್ ದ್ವೀಪವನ್ನು 1667ರ ಬ್ರೆಡಾ ಒಪ್ಪಂದದಲ್ಲಿ ಡಚ್ಚರು ತಮ್ಮಲ್ಲಿ ಉಳಿಸಿಕೊಂಡಾಗ, ಇಂದಿನ ನ್ಯೂಯಾರ್ಕ್ ಇಂಗ್ಲಿಷರ ಪಾಲಾಯಿತು. ಈಗ ಅದೇ ಮರ ನಮ್ಮ ಅಡಿಕೆ ತೋಟಗಳ ನಡುವೆಯೂ ಬೆಳೆಯುತ್ತಿರುವಾಗ, ಘಮ ಹಾರಿಹೋದ ಡಬ್ಬಿಯ ಪುಡಿಯನ್ನು ಕೊಳ್ಳುವುದೇಕೆ? ಇಡೀ ಕಾಯಿಯನ್ನು ತಂದು ಆಗಷ್ಟೇ ತುರಿಯಿರಿ.

75 ಗ್ರಾಂ ಬೆಣ್ಣೆಯನ್ನು ಅಷ್ಟೇ ಬೆಲ್ಲದ ಪುಡಿಯೊಂದಿಗೆ ನಾದಿ, ಕಾಲು ಬಟ್ಟಲು ಮೊಸರು ಮತ್ತು ಹಣ್ಣನ್ನು ಸೇರಿಸಿ. 150 ಗ್ರಾಂ ಗೋಧಿ ಹಿಟ್ಟನ್ನು ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಮತ್ತು ಮಸಾಲೆಯೊಂದಿಗೆ ಜರಡಿ ಹಿಡಿದು ಹಗುರವಾಗಿ ಕಲಸಿ. ಹಣ್ಣಿನ ಸಕ್ಕರೆ ಬೇಗ ಕಂದುವುದರಿಂದ 170 ಡಿಗ್ರಿ ಸೆಲ್ಸಿಯಸ್ ಸಾಕು. ಎಂಟಂಗುಲದ ಚೌಕ ತಟ್ಟೆಯಲ್ಲಿ 25ರಿಂದ 30 ನಿಮಿಷ ಬೇಯಿಸಿ, ನಡುಭಾಗ ಒತ್ತಿದರೆ ಸ್ವಲ್ಪ ಮೆತ್ತಗಿರುವಾಗಲೇ ಹೊರತೆಗೆಯಿರಿ. ಪೂರ್ತಿ ತಣಿದ ಮೇಲೆ ಕತ್ತರಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಮಸಾಲೆ ಹಣ್ಣಿಗೆ ಹೊಂದಿಕೊಂಡು ಮರುದಿನ ರುಚಿ ಹೆಚ್ಚುತ್ತದೆ.