ಏಜೆಂಟರಿಗೆ ಕೊಡದೆ ಗೃಹಲಕ್ಷ್ಮಿ, ಪಿಂಚಣಿ ಎರಡೂ ಬಂದವು: ನನ್ನ ಅನುಭವ

"ಏಜೆಂಟ್ ಕೈಗೆ ಎರಡು ಸಾವಿರ ಇಡದೆ ನಿಂಗೆ ದುಡ್ಡು ಬರಲ್ಲ ಬಿಡಕ್ಕಾ" ಅಂದವರು ನಮ್ಮ ಸಂಘದಲ್ಲೇ ಇದ್ದರು. ಈಗ ಅವರೇ ಪಾಸ್‌ಬುಕ್ ಹಿಡಿದು ನನ್ನ ಹತ್ತಿರ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ದಾವಣಗೆರೆಯಲ್ಲಿ ಬಾಡಿಗೆ ಮನೆ. ಮನೆಯವರದು ಹಮಾಲಿ, ನನ್ನದು ಹೊಲಿಗೆ. ಎರಡೂ ಸೇರಿ ತಿಂಗಳಿಗೆ ಒಂಬತ್ತು ಸಾವಿರದ ಆಸುಪಾಸು, ಮಳೆಗಾಲದಲ್ಲಿ ಅಷ್ಟೂ ಇಲ್ಲ. ಅದರಲ್ಲಿ ಬಾಡಿಗೆಗೇ ಮೂರೂವರೆ ಸಾವಿರ ಹೋಗುತ್ತದೆ.

ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ, ಹಾಗಾಗಿ ಗೃಹಲಕ್ಷ್ಮಿ ಅವರ ಹೆಸರಿಗೆ. 2023ರ ಜುಲೈನಲ್ಲಿ ಅರ್ಜಿ ಹಾಕಿದೆವು. ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆಗೆ ಚಾಲನೆ ಸಿಕ್ಕಿತು, ಅಕ್ಕಪಕ್ಕದವರಿಗೆಲ್ಲ ಎರಡು ಸಾವಿರ ಬಂತು, ನಮಗೆ ಬರಲಿಲ್ಲ. ವಿಚಾರಿಸಿದರೆ ಅರ್ಜಿ ಮಂಜೂರಾಗಿದೆ ಎನ್ನುತ್ತಿದ್ದರು. ಸೈಬರ್ ಸೆಂಟರಿನವರು ಪ್ರತಿ ಸಲ ನೂರು, ನೂರೈವತ್ತು ತಗೊಂಡು "ಇನ್ನೊಂದ್ಸಲ ಚೆಕ್ ಮಾಡೋಣ" ಅನ್ನುತ್ತಿದ್ದರು. ಹೀಗೇ ಏಳೆಂಟು ನೂರು ಹೋಯಿತು, ಓಡಾಟದಲ್ಲಿ ಕಳೆದ ಕೂಲಿ ಬೇರೆ.

ಬ್ಯಾಂಕಿನಲ್ಲಿ ಕೇಳಿದರೆ "ಆಧಾರ್ ಲಿಂಕ್ ಇದೆಯಲ್ಲಮ್ಮಾ" ಎಂದು ಕಳಿಸಿಬಿಡುತ್ತಿದ್ದರು. ಲಿಂಕ್ ಇತ್ತು ನಿಜ. ಆದರೆ ಸರ್ಕಾರದ ದುಡ್ಡು ಹೋಗುವುದು ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ನಂಬರಿಗೆ ಬರುವ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಎಂಬ ದಾಖಲೆ) ಯಾವ ಬ್ಯಾಂಕಿಗೆ ಇದೆಯೋ ಅಲ್ಲಿಗೆ. ಆಧಾರ್ ವೆಬ್‌ಸೈಟಿನಲ್ಲಿ ಅದನ್ನು ತೋರಿಸುವ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ತೆಗೆದರೆ ಅತ್ತೆ ಮರೆತೇಬಿಟ್ಟಿದ್ದ ಹಳೇ ಖಾತೆಯ ಬ್ಯಾಂಕಿನ ಹೆಸರು ಬಂತು. ವರ್ಷಗಟ್ಟಲೆ ವ್ಯವಹಾರವಿಲ್ಲದ ಖಾತೆ ಅದು. ಅದನ್ನು ಜೀವ ಮಾಡಿಸುವ ಗೋಜಿಗೆ ನಾನು ಹೋಗಲಿಲ್ಲ. ಪೋಸ್ಟ್ ಆಫೀಸಿನಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆಗೆಸಿ, ಡಿಬಿಟಿ, ಅಂದರೆ ಸರ್ಕಾರ ನೇರವಾಗಿ ಹಾಕುವ ದುಡ್ಡು, ಇದಕ್ಕೇ ಬರಲಿ ಎಂದು ಒಪ್ಪಿಗೆ ಕೊಡಿಸಿದೆ. ವಾರ, ಹತ್ತು ದಿನದಲ್ಲಿ ಮ್ಯಾಪಿಂಗ್ ಬದಲಾಯಿತು.

ಅಲ್ಲೂ ಒಂದು ತೊಡಕು. ಗದ್ದೆ ಕೆಲಸ ಮಾಡಿ ಸವೆದ ಅತ್ತೆಯ ಬೆರಳು ಮಷಿನ್ನಿನಲ್ಲಿ ಕೂರುತ್ತಲೇ ಇರಲಿಲ್ಲ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಬಿಸಿನೀರಲ್ಲಿ ತೊಳೆದು, ಒರೆಸಿ ಕರೆದೊಯ್ದೆ. ಹೆಬ್ಬೆಟ್ಟೇ ಆಗಬೇಕೆಂದೂ ಇಲ್ಲ. ಯಾವ ಬೆರಳು, ಯಾವ ಹೊತ್ತು ಅನ್ನುವುದನ್ನು ಮಾತ್ರ ಎದುರಿಗೆ ಕೂತವರಿಗೆ ಹೇಳುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಮುಂದಿನ ಕಂತು ಬಂತು. ಹಳೆಯವು ಒಂದಷ್ಟು ಒಟ್ಟಿಗೆ ಬಂದವು, ಎಲ್ಲವೂ ಬರಲಿಲ್ಲ. ಅದೇ ಖಾತೆ ಇಟ್ಟುಕೊಂಡು ನಾಡಕಚೇರಿಯಲ್ಲಿ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿಗೆ ಅರ್ಜಿ ಹಾಕಿದೆ. ಅತ್ತೆಗೆ ಆಧಾರ್ ಪ್ರಕಾರ 65 ತುಂಬಿತ್ತು, ಬೇರೆ ಪಿಂಚಣಿ ಇರಲಿಲ್ಲ. ತಿಂಗಳಿಗೆ 1,200 ಶುರುವಾಯಿತು. ಗೃಹಲಕ್ಷ್ಮಿ ಬಂದರೆ ಪಿಂಚಣಿ ನಿಲ್ಲುತ್ತದೆ ಎಂದು ಹೆದರಿಸಿದವರಿದ್ದರು. ಎರಡೂ ಬರುತ್ತಿವೆ.

ಉಚಿತ ಕರೆಂಟಿನ ಗೃಹಜ್ಯೋತಿ ಬಾಡಿಗೆಯವರಿಗೂ ಉಂಟು. ಮನೆ ಬದಲಿಸಿದಾಗ ಹಳೇ ಮನೆಯ ಆರ್‌ಆರ್ ನಂಬರಿನಿಂದ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ನಂಬರು) ಆಧಾರ್ ಬಿಡಿಸಿ ಹೊಸದಕ್ಕೆ ಸೇರಿಸಬೇಕು, ಅಷ್ಟೇ. ನಮಗೆ ಸುಮಾರು 55 ಯೂನಿಟ್ ಉಚಿತ. ಕರೆಂಟ್ ಪುಕ್ಕಟೆ ಇರುವಾಗ ಗ್ಯಾಸ್ ಯಾಕೆ ಸುಡಬೇಕು ಎಂದು ಗೆಳತಿಯಿಂದ ಇಂಡಕ್ಷನ್ ಒಲೆ ತಂದು ಒಂದು ತಿಂಗಳು ಅನ್ನ, ಚಹಾ ಅದರಲ್ಲೇ ಮಾಡಿ ನೋಡಿದೆ. ಫುಲ್ ಇಟ್ಟರೆ ಗಂಟೆಗೆ ಹತ್ತಿರ ಹತ್ತಿರ ಒಂದೂವರೆ ಯೂನಿಟ್ ಓಡುತ್ತದೆ. ಉಚಿತದ ಮಿತಿ ದಾಟಿ ನಲವತ್ತು ಯೂನಿಟ್ಟಿನಷ್ಟು ಹೆಚ್ಚಾಯಿತು, ಇನ್ನೂರೈವತ್ತರ ಮೇಲೆ ಬಿಲ್ಲು. ಸಿಲಿಂಡರ್ ಹತ್ತು ದಿನ ಹೆಚ್ಚು ಬಂದಿರಬಹುದು. ನಮ್ಮದು ಉಜ್ವಲಾ, ಆಗ ಸಿಲಿಂಡರಿಗೆ 300 ಸಬ್ಸಿಡಿ ಬರುತ್ತಿತ್ತು. ಅದನ್ನು ಕಳೆದರೆ ಹತ್ತು ದಿನದ ಗ್ಯಾಸ್ ನೂರು ರೂಪಾಯಿಯ ಮಾತು. ಒಲೆ ವಾಪಸ್ ಕೊಟ್ಟೆ. 200 ಯೂನಿಟ್ ದಾಟಿದರಂತೂ ಇಡೀ ಬಿಲ್ಲು ನಮ್ಮ ತಲೆಗೇ.

ರೇಷನ್ನಿನಲ್ಲಿ ಒಂದಷ್ಟು ಅಕ್ಕಿಯ ಬದಲು ಮೊದಲು ತಲೆಗೆ 170ರಂತೆ ದುಡ್ಡು ಬರುತ್ತಿತ್ತು, 2025ರಲ್ಲಿ ಅದು ನಿಂತು ಅಕ್ಕಿಯೇ ಬಂತು. ಆಗ ನಾಲ್ವರಿಗೆ ನಲವತ್ತು ಕೆಜಿ. ಅಂಗಡಿ ಅಕ್ಕಿ ಕೊಳ್ಳುವುದು ಹೆಚ್ಚುಕಡಿಮೆ ನಿಂತಿತು. ಪಿಂಚಣಿ, ಗೃಹಲಕ್ಷ್ಮಿ ಸೇರಿ 3,200, ಕರೆಂಟಿನದು ಮುನ್ನೂರು, ನಾನೂರು. ಬಾಡಿಗೆಗೆ ಸರಿಹೋಯಿತು.

ಸಂಘದ ಏಳೆಂಟು ಮನೆಯ ಪಾಸ್‌ಬುಕ್ ನೋಡಿದೆ, ಮುಕ್ಕಾಲು ಪಾಲು ಇದೇ ಮ್ಯಾಪಿಂಗ್ ರೋಗ. ನಿಮ್ಮದೂ ಮಂಜೂರಾಗಿ ದುಡ್ಡು ಬಾರದಿದ್ದರೆ ಮತ್ತೆ ಅರ್ಜಿ ಹಾಕಬೇಡಿ, ಮೊದಲು ಸೀಡಿಂಗ್ ಸ್ಟೇಟಸ್ಸಿನಲ್ಲಿ ಯಾವ ಬ್ಯಾಂಕಿನ ಹೆಸರಿದೆ ನೋಡಿ.